ಎಡಗೈಯಲ್ಲಿ ಮಾಡಿದ ಪೀಠ

ನಮ್ಮ ಮನೆಯಲ್ಲಿ ಕ್ರಿಸ್‌ಮಸ್ಸಿಗೆ ಅಂಗಡಿಯಿಂದ ತಂದದ್ದನ್ನು ಯಾರೂ ಯಾರಿಗೂ ಕೊಡುತ್ತಿರಲಿಲ್ಲ. ಅದು ಅವ್ವ ಮಾಡಿದ ಕಟ್ಟಳೆ. ಹೇಮಾವತಿ ಅಣೆಕಟ್ಟಿನ ನೀರು ಏರಿ ಶೆಟ್ಟಿಹಳ್ಳಿಯ ಚರ್ಚಿನ ಸುತ್ತಲಿನವರೆಲ್ಲ ಮನೆ ಬಿಟ್ಟು ಎದ್ದುಹೋದ ವರ್ಷ, ಹೊಸ ಜಾಗದ ಶೀಟಿನ ಮನೆಯಲ್ಲಿ ನಮ್ಮನ್ನು ಕೂರಿಸಿಕೊಂಡು, "ಈ ಸಲ ಒಬ್ರಿಗೊಬ್ರು ಏನಾರ ಮಾಡ್ ಕೊಡಿ. ಹಬ್ಬ ಅಂದ್ಮೇಲೆ ಬರಿಗೈಲಿ ಕೂರಕ್ಕಾಯ್ತದಾ" ಎಂದಿದ್ದಳು. ನಾವು ಆರು ಜನ ಮಕ್ಕಳು. ಅಕ್ಕ ಅಪ್ಪನಿಗೆ ಹಳೇ ಸೀರೆಯಿಂದ ದಿಂಬು ಹೊಲಿದಳು. ಸಣ್ಣಣ್ಣ ನನ್ನ ಒಡೆದ ಸ್ಲೇಟಿಗೆ ಹಲಸಿನ ಮರದ ಚೌಕಟ್ಟು ಹಾಕಿಕೊಟ್ಟ. ಆಗಿನ್ನೂ ಅವನು ಹುಡುಗ. ಆ ಚೌಕಟ್ಟಿನ ಮೂಲೆಗಳು ಎಷ್ಟು ಚೆನ್ನಾಗಿ ಕೂತಿದ್ದವೆಂದರೆ ಅಪ್ಪ ಅದನ್ನು ತಿರುಗಿಸಿ ತಿರುಗಿಸಿ ನೋಡಿ, ಹಬ್ಬ ಮುಗಿದ ಮೇಲೆ ಅವನನ್ನು ಒಬ್ಬ ಮರಗೆಲಸದವನ ಹತ್ತಿರ ಬಿಟ್ಟುಬಂದ.

ಆಮೇಲೆ ನಾವೆಲ್ಲ ಈ ಜಿಲ್ಲೆಯೊಳಗೇ ಹಂಚಿಹೋದೆವು. ದೊಡ್ಡಣ್ಣ ಹಾಸನದಲ್ಲಿ ಮನೆ ಕಟ್ಟಿದ. ಅಕ್ಕನನ್ನು ಹೊಳೆನರಸೀಪುರಕ್ಕೆ ಕೊಟ್ಟರು. ಸಣ್ಣಣ್ಣ ಅರಕಲಗೂಡಿನಲ್ಲಿ ಮರಗೆಲಸದ ಶೆಡ್ಡು ಹಾಕಿಕೊಂಡ. ನಾನು ಮೇಷ್ಟರ ಕೆಲಸ ಸಿಕ್ಕಿ ಚನ್ನರಾಯಪಟ್ಟಣಕ್ಕೆ ಹೋದವಳು ನಿವೃತ್ತಿಯಾದ ಮೇಲೂ ಅಲ್ಲೇ ಉಳಿದೆ. ತಂಗಿಯರಿಬ್ಬರು ಹಾಸನದಲ್ಲೇ ಇದ್ದಾರೆ. ಕ್ರಿಸ್‌ಮಸ್ಸಿಗೆ ಮಾತ್ರ ಎಲ್ಲರೂ, ಮಕ್ಕಳು ಮೊಮ್ಮಕ್ಕಳ ಸಮೇತ, ದೊಡ್ಡಣ್ಣನ ಮನೆಗೆ ಹೋಗುತ್ತಿದ್ದೆವು. ವರಾಂಡದಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಚಪ್ಪಲಿ. ಅಡಿಗೆಮನೆಯಲ್ಲಿ ಇಬ್ಬರು ಸೇರಿ ಶ್ಯಾವಿಗೆ ಒರಳು ತಿರುಗಿಸುತ್ತಿದ್ದರೆ ಹಿತ್ತಲಲ್ಲಿ ಹಂದಿ ಮಾಂಸ ಬೇಯುತ್ತಿರುತ್ತಿತ್ತು.

ಅವ್ವ ಹೋದ ಮೇಲೆ ಕಟ್ಟಳೆಯನ್ನು ಅಕ್ಕ ವಹಿಸಿಕೊಂಡಳು. ಎಲ್ಲರಿಗೂ ಮಾಡುವುದು ಆಗದ ಮಾತಾದ್ದರಿಂದ, ಹಬ್ಬಕ್ಕೆ ಒಂದು ತಿಂಗಳಿರುವಾಗ ಅವಳು ಚೀಟಿ ಎತ್ತಿ, ಯಾರಿಗೆ ಯಾರ ಹೆಸರು ಬಂತೆಂದು ಫೋನಿನಲ್ಲಿ ಗುಟ್ಟಾಗಿ ಹೇಳುತ್ತಿದ್ದಳು. ಹುಡುಗರು ಸ್ವೆಟರು, ಉಪ್ಪಿನಕಾಯಿ, ಬಟ್ಟೆ ಬ್ಯಾಗು, ಏನೋ ಒಂದು ಮಾಡಿ ತರುತ್ತಿದ್ದರು. ಕೆಲವು ನೋಡಲಾಗದಂತಿರುತ್ತಿದ್ದವು. ಸಣ್ಣಣ್ಣನಿಗೆ ಯಾರ ಹೆಸರು ಬಂದಿದೆಯೋ ಅವರ ಅದೃಷ್ಟ ಎಂದು ಎಲ್ಲರೂ ಹೇಳುತ್ತಿದ್ದೆವು. ದೊಡ್ಡಣ್ಣನ ಮನೆಯಲ್ಲಿ ಯೇಸು ಹುಟ್ಟಿದ ಕೊಟ್ಟಿಗೆಯಂತೆ ಕಟ್ಟುವ ಗೋದಲಿಯ ಕುರಿ, ಕತ್ತೆ, ಒಂಟೆಗಳನ್ನೆಲ್ಲ ಕೆತ್ತಿದವನು ಅವನೇ.

ಮೂರು ವರ್ಷದ ಹಿಂದೆ ಮಳೆಗಾಲದಲ್ಲಿ ಅವನಿಗೆ ಲಕ್ವ ಹೊಡೆಯಿತು. ಶೆಡ್ಡಿನಲ್ಲಿ ಬಾಗಿಲಿನ ಹಲಗೆಗೆ ತೋಪಡ ಹೊಡೆದು ನಯ ಮಾಡುತ್ತಿದ್ದವನು ಹಾಗೇ ಮಗ್ಗುಲಿಗೆ ವಾಲಿ ಮರದ ಹೊಟ್ಟಿನ ಮೇಲೆ ಬಿದ್ದನಂತೆ. ಹಾಸನದ ಆಸ್ಪತ್ರೆಯಿಂದ ಮನೆಗೆ ಬರುವ ಹೊತ್ತಿಗೆ ಮಾತು ಮರಳಿತ್ತು, ಕಾಲು ಕೋಲಿನ ಆಸರೆಯಲ್ಲಿ ನಡೆಯುವಷ್ಟಾಗಿತ್ತು. ಬಲಗೈ ಮಾತ್ರ ಬರಲಿಲ್ಲ. ಕೂತಾಗ ಅದನ್ನು ಎಡಗೈಯಿಂದ ಎತ್ತಿ ತೊಡೆಯ ಮೇಲೆ ಇಟ್ಟುಕೊಳ್ಳುತ್ತಿದ್ದ, ಬೇರೆ ಯಾರದ್ದೋ ವಸ್ತುವನ್ನು ಇಟ್ಟುಕೊಂಡ ಹಾಗೆ. ವ್ಯಾಯಾಮ ಮಾಡಿಸುವವರು ಒಂದು ರಬ್ಬರ್ ಚೆಂಡು ಕೊಟ್ಟಿದ್ದರು. ಅದನ್ನು ಮುಟ್ಟುತ್ತಿರಲಿಲ್ಲ.

ಆ ವರ್ಷ ಚೀಟಿ ಎತ್ತುವ ಮೊದಲು ಅಕ್ಕ ನನಗೆ ಫೋನು ಮಾಡಿದಳು. "ಅವ್ನ್ ಎಸ್ರು ಆಕ್ಲಾ, ಬ್ಯಾಡ್ವಾ? ನಂಗೊಂದೂ ತೋಚ್ತಿಲ್ಲ ಕಣೆ."

"ಬಿಟ್ರೆ ಅವ್ನಿಗೆ ಗೊತ್ತಾಗ್ದೆ ಇರ್ತದಾ ಅಕ್ಕ," ಎಂದೆ. ದೊಡ್ಡಣ್ಣನೂ ಅದನ್ನೇ ಹೇಳಿದ್ದನಂತೆ. ಹಾಕಿದಳು.

ಅವತ್ತು ಸಂಜೆಯೇ ಸಣ್ಣಣ್ಣ ಗುಟ್ಟು ಒಡೆದ. "ನಿನ್ ಎಸ್ರೇ ಬಂದೈತೆ ಕಣಮ್ಮಿ," ಎಂದ ಫೋನಿನಲ್ಲಿ. ನಾಲಿಗೆ ಇನ್ನೂ ಸ್ವಲ್ಪ ತೊಡರುತ್ತಿತ್ತು. "ಬೈಬಲ್ ಇಟ್ಕಂಡ್ ಓದಕ್ಕೆ ಪೀಠ ಬೇಕು ಅಂತಿದ್ದಲ್ಲ, ಮಡಚೋದು. ಮಾಡ್ತೀನಿ. ಎಡಗೈ ಐತಲ್ಲ."

ಲಕ್ವ ಹೊಡೆದ ಮೇಲೆ ಅವನು ತಾನಾಗಿ ಯಾರಿಗಾದರೂ ಫೋನು ಮಾಡಿದ್ದು ಅದೇ ಮೊದಲು.

ಡಿಸೆಂಬರಿನಲ್ಲಿ ಒಂದು ದಿನ ಅರಕಲಗೂಡಿಗೆ ಹೋದೆ. ಶೆಡ್ಡಿನ ಒಳಗಿಂದ ಅರ ಉಜ್ಜುವ ಸದ್ದು ಬರುತ್ತಿತ್ತು. ಉಜ್ಜುವುದು, ನಿಲ್ಲುವುದು, ಏನೋ ಕೆಳಗೆ ಬೀಳುವುದು, ಮತ್ತೆ ಉಜ್ಜುವುದು. ನನ್ನ ದನಿ ಕೇಳಿ ಅವನು ಒಳಗಿನಿಂದಲೇ, "ಈಗ್ಲೇ ಬರ್ಬ್ಯಾಡ ಒಳೀಕೆ. ನಿಂದೇ ಮಾಡ್ತಾ ಇವ್ನಿ," ಎಂದ.

ಅವನ ಹೆಂಡತಿ, ನನ್ನ ಅತ್ತಿಗೆ, ನನ್ನನ್ನು ಅಡಿಗೆಮನೆಗೆ ಕರೆದು ಕಾಫಿ ಕೊಟ್ಟರು. "ಬೆಳಗಿಂದ ಸಂಜೆಗಂಟ ಅಲ್ಲೇ ಕಣವ್ವ. ಹಲಗೇನ ಮೊಣಕಾಲಲ್ಲಿ ಒತ್ತಿಡ್ಕಂಡು ಗೀಚ್ತಾರೆ. ಎಷ್ಟ್ ಹಲಗೆ ಹಾಳಾದ್ವೋ. ತೊಡೆ ಮೇಲೆಲ್ಲ ಉಳಿ ಗಾಯ." ಹಾಗೆನ್ನುವಾಗ ಅವರ ಮುಖದಲ್ಲಿ ಸಂತೋಷವಿರಲಿಲ್ಲ. ಆಗ ನಾನು ಅದನ್ನು ದಣಿವು ಎಂದುಕೊಂಡೆ. ಹಿಂದಿನ ತಿಂಗಳು ಹೊಳೆನರಸೀಪುರದಲ್ಲಿ ನೆಂಟರ ಮದುವೆಗೆ ಹೋಗಿದ್ದಾಗ, ಸಣ್ಣಣ್ಣ ಒಂದೇ ಕೈಯಲ್ಲಿ ಮದುಮಗನಿಗೆ ಹಾರ ಹಾಕಲು ಹೋಗಿ ಅದು ಜಾರಿ ಬಿದ್ದಿತ್ತು, ವೇದಿಕೆಯ ಮುಂದಿದ್ದ ಹುಡುಗರು ನಕ್ಕಿದ್ದರು. ಅದನ್ನು ಅತ್ತಿಗೆ ಅವತ್ತು ಎರಡು ಸಲ ಹೇಳಿದರು.

ಊಟಕ್ಕೆ ಅವನು ಹೊರಗೆ ಬಂದ. ಅಂಗಿಯ ಮೇಲೆ, ಹುಬ್ಬಿನ ಮೇಲೆ ಹಲಸಿನ ಮರದ ಹಳದಿ ಪುಡಿ. ಎಡಗೈಯಲ್ಲೇ ಮುದ್ದೆ ಮುರಿದು ಉಂಡ. "ನೋಡಕ್ ಚೆಂದಾಗಿರಲ್ಲ," ಎಂದ, "ಆದ್ರೆ ನಿಂತ್ಕತ್ತದೆ. ಒಂದ್ ಕಡೆ ಕಾಲು ಗಿಡ್ಡ ಆಯ್ತು, ಬಟ್ಟೆ ಅಂಟಿಸ್ತೀನಿ." ಸೊಟ್ಟಗಾದ ಬಾಯಲ್ಲೇ ನಕ್ಕ.

ಕ್ರಿಸ್‌ಮಸ್ ದಿನ ಬೆಳಗಿನ ಪೂಜೆ ಮುಗಿಸಿಕೊಂಡು ಎಲ್ಲರೂ ದೊಡ್ಡಣ್ಣನ ಹಾಲಿನಲ್ಲಿ ಸೇರಿದೆವು. ಸಣ್ಣಣ್ಣನಿಗೆ ಗೋದಲಿಯ ಪಕ್ಕದ ಕುರ್ಚಿ ಕೊಟ್ಟಿದ್ದರು. ಹೊಸ ಬಿಳಿ ಅಂಗಿ ಹಾಕಿಕೊಂಡಿದ್ದ. ಮೊದಲು ಮಕ್ಕಳದ್ದಾಯಿತು. ಆಮೇಲೆ ಅವನು ಅತ್ತಿಗೆಯ ಕಡೆಗೆ ತಲೆಯಾಡಿಸಿದ, ಅವರು ಚೀಲದಿಂದ ಕಾಗದ ಸುತ್ತಿದ ಗಂಟನ್ನು ತೆಗೆದು ನನ್ನ ಕೈಗಿಟ್ಟರು.

ಕಾಗದ ಬಿಚ್ಚಿದೆ. ಒಳಗಿದ್ದ ಪೀಠ ಅಂಗಡಿಯಲ್ಲಿ ಸಿಗುವಂಥದ್ದಕ್ಕಿಂತ ಚೆನ್ನಾಗಿತ್ತು. ಒಂದೇ ಹಲಗೆಯಲ್ಲಿ ಕೊರೆದ ಎರಡು ರೆಕ್ಕೆ, ಬೆರಳಿಗೆ ಬೆರಳು ಹೆಣೆದಂತಿದ್ದ ಕೀಲು, ಅಂಚಿಗೆ ದ್ರಾಕ್ಷಿ ಬಳ್ಳಿ, ಮೇಲೆ ಪಾಲಿಶು. ಬಿಡಿಸಿ ನೆಲದ ಮೇಲಿಟ್ಟರೆ ಅಲುಗದೆ ನಿಂತಿತು. ಹಾಲಿನಲ್ಲಿದ್ದವರೆಲ್ಲ ಒಮ್ಮೆಗೇ ಮಾತಾಡಿದರು. ಎಡಗೈಯಲ್ಲೇ ಇದನ್ನು ಮಾಡಿದ್ದಾನೆ ಎಂದು ಯಾರೋ ಚಪ್ಪಾಳೆ ಹೊಡೆದರು. ದೊಡ್ಡಣ್ಣ ಕಣ್ಣು ಒರೆಸಿಕೊಂಡ.

ನಾನು ಸಣ್ಣಣ್ಣನ ಮುಖ ನೋಡಿದೆ. ಅವನು ಪೀಠವನ್ನೇ ನೋಡುತ್ತಿದ್ದ.

"ಇದು ನಂದಲ್ಲ," ಎಂದ.

ಅರ್ಧ ಜನಕ್ಕೆ ಅದು ಕೇಳಿಸಲಿಲ್ಲ. "ಏನಂದ್ಯಲಾ?" ಎಂದು ದೊಡ್ಡಣ್ಣ ಬಗ್ಗಿದ.

"ಇದ್ ನಾನ್ ಮಾಡಿದ್ದಲ್ಲ ಅಣ್ಣ." ಅತ್ತಿಗೆಯ ಕಡೆ ತಿರುಗಿದ. "ನಂದೆಲ್ಲಿ?"

ಅತ್ತಿಗೆ ಚೀಲದ ಹಿಡಿಯನ್ನು ಬೆರಳಿಗೆ ಸುತ್ತುತ್ತ, "ಮನೇಲೈತೆ," ಎಂದರು.

"ಮನೇಲೆಲ್ಲಿ?"

ಅವರು ಚೀಲವನ್ನು ಮಡಚತೊಡಗಿದರು. ಅವನು ಮತ್ತೆ ಕೇಳಿದ. ಆಗ ತೀರ ಸಣ್ಣ ದನಿಯಲ್ಲಿ, "ನೀರೊಲೆಗಾಕ್ಬುಟ್ಟೆ," ಎಂದರು. "ಇಷ್ಟ್ ಜನದ್ ಮುಂದೆ ನಗ್ತಾರೆ ಅಂತ ಕಣ್ರೀ. ನಿಮ್ಮುನ್ನ ನೋಡಿ ಇನ್ನೊಂದ್ ಸಲ ಯಾರೂ ನಗ್ಬಾರ್ದು ಅಂತ."

ಸಣ್ಣಣ್ಣ ಕೂಗಾಡುತ್ತಾನೆ ಎಂದುಕೊಂಡೆ. ಕೂಗಾಡಿದ್ದರೆ ಒಳ್ಳೆಯದಿತ್ತು. ಕೋಲು ಹುಡುಕಿಕೊಂಡು ಎದ್ದು, ದೊಡ್ಡಣ್ಣನ ಮಗನಿಗೆ, "ಗಾಡಿ ತೆಗಿಯಪ್ಪ, ಊರಿಗೆ ಬಿಟ್ಬುಡು," ಎಂದ.

"ಉಂಡ್ಕಂಡ್ ಓಗ್ಲಾ," ಎಂದು ದೊಡ್ಡಣ್ಣ ತೋಳು ಹಿಡಿದ. ಅವನು ಆ ಕೈಯನ್ನು ಬಿಡಿಸಲಿಲ್ಲ, ಬಾಗಿಲ ಕಡೆ ನೋಡುತ್ತ ನಿಂತ. ಕೊನೆಗೆ ದೊಡ್ಡಣ್ಣನೇ ಬಿಟ್ಟ. ಕಾರಿನ ಹತ್ತಿರ ಅತ್ತಿಗೆ ಹಿಂದಿನ ಬಾಗಿಲು ತೆಗೆಯಲು ಹೋದಾಗ, "ನೀನ್ ಇಲ್ಲೇ ಇರು," ಎಂದಷ್ಟೇ ಹೇಳಿದ.

ಅತ್ತಿಗೆ ವರಾಂಡದ ಚಪ್ಪಲಿಗಳ ನಡುವೆಯೇ ಕೂತರು. ಒಳಗೆ ಎಲೆ ಹಾಕಿದರು, ಜನ ಉಂಡರು. ಯಾರಿಗೂ ಬೇಕಿರಲಿಲ್ಲ, ಆದರೂ ಮಾಡಿದ್ದು ಹಾಳಾಗುತ್ತದಲ್ಲ ಎಂದು ಉಂಡರು. ಪೀಠವನ್ನು ನಾನು ದೊಡ್ಡಣ್ಣನ ಹೆಂಡತಿಗೆ ಕೊಟ್ಟುಬಿಟ್ಟೆ. ನನ್ನ ಮನೆಗೆ ಒಯ್ಯುವ ಧೈರ್ಯವಾಗಲಿಲ್ಲ.

ಮಧ್ಯಾಹ್ನದ ಬಸ್ಸಿನಲ್ಲಿ ಅತ್ತಿಗೆಯನ್ನು ನಾನೇ ಅರಕಲಗೂಡಿಗೆ ಕರೆದುಕೊಂಡು ಹೋದೆ. ದಾರಿಯಲ್ಲಿ ಅವರು ಕಿಟಕಿಯ ಕಡೆ ಮುಖ ಮಾಡಿಕೊಂಡೇ ಹೇಳಿದರು. ಸಣ್ಣಣ್ಣನ ಹತ್ತಿರವೇ ಕೆಲಸ ಕಲಿತ ಒಬ್ಬನು ಈಗ ಸ್ವಂತ ಅಂಗಡಿ ಇಟ್ಟಿದ್ದಾನೆ, ಅವನಿಗೆ ಹೇಳಿ ಮಾಡಿಸಿದ್ದು. ಗಂಡ ಕಾಗದ ಸುತ್ತಿಟ್ಟಿದ್ದನ್ನು ಹಬ್ಬದ ಹಿಂದಿನ ದಿನ ಬಿಚ್ಚಿ ಬದಲಾಯಿಸಿದ್ದು.

"ಅಣ್ಣಂಗೆ ಗೊತ್ತಾಯ್ತದೆ ಅಂತ ಅನ್ನಿಸ್ಲಿಲ್ವಾ ಅತ್ತಿಗೆ?"

"ಗೊತ್ತಾಯ್ತದೆ. ಆದ್ರೂ ಜನದ್ ಮುಂದೆ ಸುಮ್ಕಿರ್ತಾರೆ ಅನ್ಕಂಡೆ. ಎಲ್ರೂ ಒಗಳ್ದಾಗ ಅವ್ರಿಗೂ ಸಮಾಧಾನ ಆಯ್ತದೆ ಅನ್ಕಂಡೆ." ನನ್ನ ಕಡೆ ತಿರುಗಿ, "ನೀನ್ ಅದುನ್ನ ನೋಡಿಲ್ಲ ಕಣವ್ವ," ಎಂದರು. "ಕೂಸು ಗೀಚ್ದಂಗಿತ್ತು. ಎಂಥಾ ಕೆಲ್ಸ ಮಾಡ್ತಿದ್ದೋರು. ನಂಗ್ ನೋಡಕ್ಕಾಗ್ಲಿಲ್ಲ."

ನನಗೆ ಅವರ ಮೇಲೆ ಸಿಟ್ಟು ಬರಲಿ ಎಂದು ಬಯಸಿದೆ, ಬರಲಿಲ್ಲ. ನಾವು ಮನೆ ಸೇರಿದಾಗ ಸಣ್ಣಣ್ಣ ಹಬ್ಬದ ಅಂಗಿಯಲ್ಲೇ ಗೋಡೆಯ ಕಡೆ ತಿರುಗಿ ಮಲಗಿದ್ದ.

ಆಮೇಲೆ ಅವನು ಶೆಡ್ಡಿನ ಬಾಗಿಲು ತೆಗೆಯಲಿಲ್ಲ. ಈಸ್ಟರಿಗೆ ಮುಂಚಿನ ತಪಸ್ಸುಕಾಲದಲ್ಲಿ, ಆ ಪೀಠ ಮಾಡಿಕೊಟ್ಟವನನ್ನೇ ಮನೆಗೆ ಕರೆಸಿ ಉಳಿ, ಗರಗಸ, ತೋಪಡ ಎಲ್ಲವನ್ನೂ ಎತ್ತಿಕೊಂಡು ಹೋಗಲು ಹೇಳಿದನಂತೆ. ಬಂದವನು ಬೇಡವೆಂದು ಅಳುತ್ತ ನಿಂತಿದ್ದನಂತೆ. "ನಿನ್ ತಪ್ಪೇನೈತ್ಲಾ, ಕೆಲ್ಸ ಚೆನ್ನಾಗ್ ಮಾಡಿದ್ದೆ," ಎಂದು ಸಣ್ಣಣ್ಣನೇ ಸಮಾಧಾನ ಹೇಳಿ ಕಳಿಸಿದನಂತೆ.

ಈಸ್ಟರ್, ನಮ್ಮ ಪಾಸ್ಕ ಹಬ್ಬ, ಕಳೆದು ನಾನು ಹೋದೆ. ಅವನು ಜಗಲಿಯಲ್ಲಿ ಕೂತಿದ್ದ. ಪಕ್ಕದಲ್ಲಿ ಕೂತು, ಬಹಳ ಹೊತ್ತು ಅದೂ ಇದೂ ಮಾತಾಡಿದೆ. ಕೊನೆಗೆ, "ನಂಗೆ ನೀನ್ ಮಾಡಿದ್ದೇ ಬೇಕಣ್ಣ. ಎಂಗಿದ್ರೂ ಸರಿ. ಇನ್ನೊಂದ್ ಮಾಡ್ಕೊಡು," ಎಂದೆ.

"ಅದೊಂದೇ ಆಗ್ತಿದ್ದದ್ದು ಕಣಮ್ಮಿ," ಎಂದ. ಸಿಟ್ಟಿರಲಿಲ್ಲ ದನಿಯಲ್ಲಿ. "ಅದ್ ಮಾಡುವಾಗ ನಂಗೊಂದ್ ಆಸೆ ಇತ್ತು, ಬತ್ತಾ ಬತ್ತಾ ಕೈ ಕೂತ್ಕತ್ತದೆ ಅಂತ. ಮುಂದಿನ ವರ್ಷ ಇನ್ನೊಂಚೂರು ನೀಟಾಗಿ ಮಾಡ್ತೀನಿ ಅಂತ. ನನ್ ಎಂಡ್ತೀಗೇ ನೋಡಕ್ಕಾಗ್ಲಿಲ್ಲ ಅಂದ್ಮೇಲೆ ಅದೆಂಗಿತ್ತು ಅಂತ ಗೊತ್ತಾಯ್ತಲ್ಲ."

"ಅತ್ತಿಗೆ ಕೆಟ್ಟದ್ ಮಾಡ್ಬೇಕು ಅಂತ ಮಾಡ್ಲಿಲ್ಲ."

"ಅದೇ ಮತ್ತೆ," ಎಂದ. "ಕೆಟ್ಟದ್ ಮಾಡಿದ್ರೆ ಬೈಬೋದಿತ್ತು."

ಒಳಗೆ ಅತ್ತಿಗೆ ಪಾತ್ರೆ ತೊಳೆಯುವ ಸದ್ದು ನಿಂತಿತು. ಅವರಿಗೆ ಕೇಳಿಸಿರಬೇಕು. ಅವರಿಬ್ಬರ ನಡುವೆ ಜಗಳವೇನೂ ನಡೆಯಲಿಲ್ಲ. ಮಾತ್ರೆ ತಗೊಂಡ್ರಾ, ನೀರು ಕಾದೈತೆ, ಕರೆಂಟ್ ಹೋಯ್ತು, ಇಷ್ಟು ಬಿಟ್ಟರೆ ಆ ಮನೆಯಲ್ಲಿ ಮಾತೇ ಇಲ್ಲವಾಯಿತು.

ಮುಂದಿನ ವರ್ಷ ಅಕ್ಕ ಚೀಟಿ ಎತ್ತಲಿಲ್ಲ. ನನ್ನ ಕೈಲಾಗಲ್ಲ, ಬೇರೆ ಯಾರಾದರೂ ಎತ್ತಿ ಎಂದಳು. ಯಾರೂ ಎತ್ತಲಿಲ್ಲ. ಹುಡುಗರು ಹಾಸನದ ಅಂಗಡಿಗಳಿಂದ ಚಾಕೊಲೇಟು ಡಬ್ಬಿ, ವಾಚು, ಪರ್ಸು ತಂದರು. ಕೆಲವರು ತಮ್ಮ ತಮ್ಮ ಮನೆಯಲ್ಲೇ ಹಬ್ಬ ಮಾಡಿಕೊಂಡು ಸಂಜೆ ಬಂದುಹೋದರು. ಸಣ್ಣಣ್ಣ ಬರಲಿಲ್ಲ. ಕೈಯಾರೆ ಮಾಡುವುದನ್ನು ನಾವು ಬಿಟ್ಟದ್ದು ಅವನಿಗೆ ನೋವಾಗದಿರಲಿ ಎಂದು. ಬಿಟ್ಟ ಸುದ್ದಿ ಕೇಳಿ ಅವನು, "ನನ್ನಿಂದ ಅವ್ವನ್ ಮಾತೂ ಓಯ್ತಾ," ಎಂದನಂತೆ.

ಕಳೆದ ಕ್ರಿಸ್‌ಮಸ್ಸಿಗೆ ನಾನು ಹಾಸನಕ್ಕೆ ಹೋಗಲಿಲ್ಲ. ಬೆಳಗಿನ ಪೂಜೆ ಮುಗಿಸಿ, ಒತ್ತು ಶ್ಯಾವಿಗೆ, ಕಾಯಿಹಾಲು ಕಟ್ಟಿಕೊಂಡು ಚನ್ನರಾಯಪಟ್ಟಣದಿಂದ ನೇರ ಅರಕಲಗೂಡಿಗೆ ಹೋದೆ. ಬಾಗಿಲಿಗೆ ನಕ್ಷತ್ರ ಕಟ್ಟಿರಲಿಲ್ಲ. ಸಣ್ಣಣ್ಣ ಮಂಚದ ಮೇಲೆ ದಿಂಬಿಗೊರಗಿ ಕೂತಿದ್ದ. ನನ್ನನ್ನು ನೋಡಿ "ಬಂದ್ಯಾ" ಎಂದ. ಊರಿನ ಸುದ್ದಿ ಹೇಳಿದೆ, ಕೇಳಿಸಿಕೊಂಡ.

ತಟ್ಟೆಗೆ ಶ್ಯಾವಿಗೆ ಹಾಕಿ, ಮೇಲೆ ಕಾಯಿಹಾಲು ಸುರಿದು ಅವನ ತೊಡೆಯ ಮೇಲಿಟ್ಟೆ. ಅವನು ಅದನ್ನು ನೋಡುತ್ತ ಕೂತ. ಏನೂ ಆಗಿರದ ಎಡಗೈ ಹೊದಿಕೆಯ ಮೇಲೆ ಚಾಚಿಕೊಂಡು ಬಿದ್ದಿತ್ತು, ಬಲಗೈಯ ಹಾಗೆಯೇ. "ತಿನ್ನಣ್ಣ," ಎಂದೆ.

ಅತ್ತಿಗೆ ಅಡಿಗೆಮನೆಯಿಂದ ಬಂದು ನನ್ನನ್ನು ಸ್ವಲ್ಪ ಸರಿಸಿ ಮಂಚದ ಅಂಚಿಗೆ ಕೂತರು. ತಟ್ಟೆ ಎತ್ತಿಕೊಂಡು ಶ್ಯಾವಿಗೆಯನ್ನು ಸಣ್ಣಗೆ ಕಲಸಿದರು. ಅವನು ಅವರ ಕಡೆಗೆ ನೋಡದೆ ಬಾಯಿ ತೆರೆದ. ತುತ್ತು ತುತ್ತಾಗಿ ಅವರು ಇಟ್ಟರು, ಅವನು ನುಂಗಿದ. ನಾನು ಬಾಗಿಲ ಬಳಿ ನಿಂತಿದ್ದೆ. ತಟ್ಟೆ ಖಾಲಿಯಾದ ಮೇಲೆ ಅತ್ತಿಗೆ ಸೆರಗಿನಿಂದ ಅವನ ಬಾಯಿ ಒರೆಸಿ, ಇನ್ನೊಂಚೂರು ಬೇಕಾ ಎಂದು ಕೇಳಿದರು. ಅವನು ಸಾಕು ಎಂದ.