ಮೊದಲನೇ ಸಾಲಿನ ಮೊರಿಟಾ

ವೀರಭದ್ರಪ್ಪನವರು ತಮ್ಮ ವಿಡಿಯೋ ಗೇಮ್ ಯಂತ್ರವನ್ನು ಎರಡೂ ಕೈಗಳಿಂದ ಆರಿಸುತ್ತಿದ್ದರು. ಬಲಗೈ ಹೆಬ್ಬೆರಳಿನಿಂದ ರೀಸೆಟ್ ಗುಂಡಿಯನ್ನು ಒತ್ತಿ ಹಿಡಿದು, ಒಂದು ಗಳಿಗೆ ಸುಮ್ಮನಿದ್ದು, ಆಮೇಲೆ ಎಡಗೈಯಿಂದ ಪವರ್ ಸ್ವಿಚ್ಚನ್ನು ಹಿಂದಕ್ಕೆ ಎಳೆಯುತ್ತಿದ್ದರು. ಟೀವಿ ಪರದೆ ಖಾಲಿಯಾದ ಮೇಲೂ ಬಲಗೈ ಬೆರಳು ಸ್ವಲ್ಪ ಹೊತ್ತು ಅಲ್ಲೇ ಇರುತ್ತಿತ್ತು. ಹಾಗೆ ಮಾಡದಿದ್ದರೆ ಕ್ಯಾಸೆಟ್ಟಿನೊಳಗೆ ಉಳಿಸಿಟ್ಟ ಆಟ ಅಳಿಸಿಹೋಗುವ ಭಯವಿತ್ತಂತೆ. ಹಣೆಗೆ ಮೂರು ಪಟ್ಟೆ ವಿಭೂತಿ ಬಳಿದುಕೊಂಡ, ಐವತ್ತರ ಹತ್ತಿರದ ಗಂಡಸು ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತು ಇದನ್ನೆಲ್ಲ ಮಾಡುವುದನ್ನು ಮೊದಲ ಸಲ ಕಂಡಾಗ ನನಗೆ ನಗು ತಡೆಯಲಾಗಲಿಲ್ಲ. ಅವರು ಬೇಸರ ಮಾಡಿಕೊಳ್ಳಲಿಲ್ಲ.

"ನಗು ಮಾರಾಯ, ಧಾರಾಳವಾಗಿ ನಗು. ಆದ್ರೆ ನೀನು ಮಾತ್ರ ಆರಿಸೋಕೆ ಹೋಗ್ಬೇಡ" ಎಂದರು.

ಅವರು ಭದ್ರಾವತಿಯ ಒಂದು ಕಾರ್ಖಾನೆಯಲ್ಲಿ ಇನ್‌ಸ್ಟ್ರುಮೆಂಟ್ ಮೆಕ್ಯಾನಿಕ್. ಬಿಸಿ ಎಷ್ಟು, ಒತ್ತಡ ಎಷ್ಟು ಎಂದು ತೋರಿಸುವ ಮೀಟರುಗಳೆಲ್ಲ ಅವರ ಸುಪರ್ದಿಯಲ್ಲಿದ್ದವು. ನಾನು ಅದೇ ಕಾರ್ಖಾನೆಯ ಡ್ರಾಯಿಂಗ್ ಆಫೀಸಿನಲ್ಲಿ ನಕ್ಷೆ ತೆಗೆಯುತ್ತಿದ್ದೆ. ಶಿವಮೊಗ್ಗದ ಕೋಟೆ ಪ್ರದೇಶದ ಮನೆಯಿಂದ ದಿನಾ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. ಆಟಗಳಲ್ಲಿ ನನಗೆ ಆಗಲೂ ಆಸಕ್ತಿ ಇರಲಿಲ್ಲ, ಈಗಲೂ ಇಲ್ಲ. ಅವರ ಕ್ವಾರ್ಟರ್ಸಿಗೆ ನಾನು ಹೋಗುತ್ತಿದ್ದದ್ದು ಅವರ ಹೆಂಡತಿ ಗಿರಿಜಮ್ಮ ಕೊಡುತ್ತಿದ್ದ ಕಾಫಿಗಾಗಿ ಎಂದರೆ ಅದರಲ್ಲಿ ಸುಳ್ಳೇನೂ ಇಲ್ಲ.

ಯಂತ್ರ ಅವರ ಕೈಗೆ ಬಂದದ್ದು ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ. ಹೊಸ ಮೀಟರ್ ಫಲಕವೊಂದನ್ನು ಕೂರಿಸಲು ಜಪಾನಿನಿಂದ ಮೊರಿಟಾ ಎಂಬ ಎಂಜಿನಿಯರ್ ಬಂದು ಏಳು ತಿಂಗಳು ಗೆಸ್ಟ್ ಹೌಸಿನಲ್ಲಿದ್ದರು. ಸಂಜೆ ಹೊತ್ತು ಕಳೆಯಲೆಂದು ಊರಿನಿಂದ ಈ ಯಂತ್ರ ತಂದಿದ್ದರು. ಅದು ಅವರ ದೇಶದ ನೂರು ವೋಲ್ಟಿಗೆ ಮಾಡಿದ್ದು. ನಮ್ಮ ಕರೆಂಟಿಗೆ ಹಾಕಿದರೆ ಸುಟ್ಟು ಬೂದಿ. ವೀರಭದ್ರಪ್ಪನವರು ತಾವೇ ತಂತಿ ಸುತ್ತಿ ಒಂದು ಟ್ರಾನ್ಸ್‌ಫಾರ್ಮರ್ ಮಾಡಿಕೊಟ್ಟರು. ಅಲ್ಲಿಂದ ಸ್ನೇಹ. ಇಂಗ್ಲಿಷ್ ಮೊರಿಟಾಗೂ ಅಷ್ಟಕ್ಕಷ್ಟೆ, ಇವರಿಗೂ ಅಷ್ಟಕ್ಕಷ್ಟೆ. ಇಬ್ಬರೂ ಅಕ್ಕಪಕ್ಕ ಕುಳಿತು ಮಾತಿಲ್ಲದೆ ಆಡುತ್ತಿದ್ದರಂತೆ.

ಆಡುತ್ತಿದ್ದದ್ದು ಒಂದೇ ಆಟ. ಒಬ್ಬ ಯೋಧ ಊರೂರು ಅಲೆದು, ಗುಹೆಗಳನ್ನು ಹೊಕ್ಕು, ಕೊನೆಗೊಬ್ಬ ರಾಕ್ಷಸನನ್ನು ಹುಡುಕುವುದು. ಒಂದು ಸಂಜೆಗೆ ಮುಗಿಯುವ ಆಟವಲ್ಲ, ತಿಂಗಳುಗಟ್ಟಲೆ ಎಳೆಯುತ್ತದೆ. ಅದಕ್ಕೇ ಕ್ಯಾಸೆಟ್ಟಿನೊಳಗೆ ಒಂದು ಚಿಕ್ಕ ಬ್ಯಾಟರಿ ಇಟ್ಟಿದ್ದಾರೆ. ಎಲ್ಲಿಯವರೆಗೆ ಆಡಿದ್ದೇವೆ ಎಂಬುದನ್ನು ಅದು ನೆನಪಿಟ್ಟುಕೊಳ್ಳುತ್ತದೆ. ಯಂತ್ರ ಹಾಕಿದೊಡನೆ ಪರದೆಯ ಮೇಲೆ ಮೂರು ಸಾಲು ಬರುತ್ತವೆ, ಮೂವರ ಆಟಕ್ಕೆ ಜಾಗ. ಮೊದಲನೇ ಸಾಲಿನಲ್ಲಿ ಜಪಾನಿ ಲಿಪಿಯ ಮೂರಕ್ಷರದಲ್ಲಿ ಮೊರಿಟಾ ಹೆಸರು, ಎರಡನೆಯದರಲ್ಲಿ ಮೊರಿಟಾ ಅವರೇ ಮೊಟಕು ಮಾಡಿ ಹಾಕಿಕೊಟ್ಟ ವೀರಭದ್ರಪ್ಪನವರ ಹೆಸರು.

ಹೊರಡುವ ದಿನ ಮೊರಿಟಾ ಯಂತ್ರವನ್ನು ಇವರ ಕೈಗಿಟ್ಟರು. ಫಲಕದ ಎರಡನೇ ಹಂತದ ಕೆಲಸಕ್ಕೆ ಮುಂದಿನ ವರ್ಷ ಬರುವವರಿದ್ದರು. ಮೊದಲನೇ ಸಾಲಿನ ಮೇಲೆ ಬೆರಳಿಟ್ಟು, ತಮ್ಮ ಎದೆ ಮುಟ್ಟಿಕೊಂಡು, ಆಮೇಲೆ ಅಂಗೈ ಅಡ್ಡ ಹಿಡಿದು ತೋರಿಸಿದರಂತೆ. ಇದು ನನ್ನದು, ನಾನು ಬರುವವರೆಗೆ ಹೀಗೇ ಇರಲಿ ಎಂದು ವೀರಭದ್ರಪ್ಪನವರು ಅರ್ಥ ಮಾಡಿಕೊಂಡರು. ಎರಡನೇ ಹಂತ ಮಂಜೂರಾಗಲೇ ಇಲ್ಲ. ಮೊರಿಟಾ ಬರಲೇ ಇಲ್ಲ.

ಮೊದಲನೇ ಸಾಲನ್ನು ಇವರು ಕಾಪಾಡಿಕೊಂಡು ಬಂದರು. ವಾರಕ್ಕೊಮ್ಮೆ, ಸೋಮವಾರ ಸಂಜೆ, ಅದನ್ನು ತೆರೆದು ನೋಡುತ್ತಿದ್ದರು. ಒಂದು ಗುಹೆಯೊಳಗೆ ಬೀಗ ಹಾಕಿದ ಬಾಗಿಲ ಮುಂದೆ ಮೊರಿಟಾ ಅವರ ಯೋಧ ನಿಂತಿರುತ್ತಿದ್ದ. ಶಕ್ತಿಯಲ್ಲಿ ಹದಿನಾರನೇ ಹಂತ, ಒಂದು ಕಬ್ಬಿಣದ ಗುರಾಣಿ, ಎರಡು ಕಟ್ಟು ಮೂಲಿಕೆ, ಒಂದು ಬೀಗದ ಕೈ. ಎಲ್ಲ ಇದೆಯೇ ಎಂದು ನೋಡಿ, ಒಂದು ಹೆಜ್ಜೆಯನ್ನೂ ಇಡದೆ, ಎರಡು ಕೈಯಿಂದ ಆರಿಸುತ್ತಿದ್ದರು. ಕಾರ್ಖಾನೆಯಲ್ಲಿ ಗೇಲಿಗೇನೂ ಕಡಿಮೆಯಿರಲಿಲ್ಲ. "ಎಲ್ಲರಿಗೂ ಅರವತ್ತಕ್ಕೆ ಅರಳುಮರಳು, ನಮ್ಮ ವೀರಭದ್ರಪ್ಪಂಗೆ ನಲವತ್ತೈದಕ್ಕೇ ಬಂತು" ಎನ್ನುತ್ತಿದ್ದರು.

ಆ ಒಂದು ಕ್ಯಾಸೆಟ್ಟಿನ ಹಿಂದೆ ಬೇರೆಯವೂ ಬಂದವು. ಮದ್ರಾಸಿಗೆ ಹೋಗುವ ಲಾರಿ ಡ್ರೈವರುಗಳಿಗೆ ಹೇಳಿ ಅಲ್ಲಿನ ಬರ್ಮಾ ಬಜಾರಿನಿಂದ ತರಿಸುತ್ತಿದ್ದರು. ಗಲ್ಫಿನಿಂದ ಬಂದವರ ಸೂಟ್‌ಕೇಸು ಬಿಚ್ಚುವ ಮೊದಲೇ ಹೋಗಿ ವಿಚಾರಿಸುತ್ತಿದ್ದರು. ಶಿವಮೊಗ್ಗದ ಅಂಗಡಿಗಳಲ್ಲಿ ಸಿಗುತ್ತಿದ್ದ, ಒಂದರಲ್ಲೇ ಸಾವಿರಾರು ಆಟ ಎಂದು ಬರೆದ ಕ್ಯಾಸೆಟ್ಟುಗಳನ್ನು ಕೈಯಿಂದಲೂ ಮುಟ್ಟುತ್ತಿರಲಿಲ್ಲ. "ಅದು ಮದುವೆ ಮನೆ ಎಲೆ ಮಾರಾಯ. ಎಲ್ಲ ಇರುತ್ತೆ, ಹೊಟ್ಟೆ ತುಂಬಲ್ಲ" ಎನ್ನುತ್ತಿದ್ದರು. ನಲವತ್ತು ಚಿಲ್ಲರೆ ಕ್ಯಾಸೆಟ್ಟುಗಳು ಪ್ರೆಶರ್ ಗೇಜುಗಳು ಬಂದಿದ್ದ ಮರದ ಪೆಟ್ಟಿಗೆಯಲ್ಲಿ ಒಂದೊಂದು ಗೂಡಿನಲ್ಲಿ ಒಂದೊಂದರಂತೆ ಮಲಗಿದ್ದವು. ಯಾರಾದರೂ ಕ್ಯಾಸೆಟ್ಟಿನ ಬಾಯಿಗೆ ಊದಿದರೆ ಮಾತ್ರ ಅವರಿಗೆ ಕೆಂಡದಂಥ ಕೋಪ ಬರುತ್ತಿತ್ತು. ಉಗುಳಿನ ಪಸೆಗೆ ತಾಮ್ರ ಕಿಲುಬು ಹಿಡಿಯುತ್ತದೆ ಎಂದು ಪಾಠ ಶುರುಮಾಡುತ್ತಿದ್ದರು.

ಒಂದು ತಮಾಷೆ ಹೇಳಬೇಕು. ಜಪಾನಿನ ಯಂತ್ರದ ಬಣ್ಣದ ಲೆಕ್ಕ ಬೇರೆ, ನಮ್ಮ ಆಗಿನ ಟೀವಿಗಳದ್ದು ಬೇರೆ. ಹಾಗಾಗಿ ಕಲರ್ ಟೀವಿಯಲ್ಲೂ ಆಟವೆಲ್ಲ ಕಪ್ಪು ಬಿಳುಪಾಗಿಯೇ ಕಾಣುತ್ತಿತ್ತು. ಗೆಸ್ಟ್ ಹೌಸಿನ ಟೀವಿಯಲ್ಲೂ ಅದೇ ಕಥೆ. ವೀರಭದ್ರಪ್ಪನವರು ಅದಕ್ಕೆ ತಲೆ ಕೆಡಿಸಿಕೊಳ್ಳದೆ ತಾವೇ ಬಣ್ಣ ಗೊತ್ತು ಮಾಡಿದ್ದರು. ಯೋಧನ ಬಟ್ಟೆ ಕಾವಿ, ರಾಜಕುಮಾರಿಯದ್ದು ಅರಿಸಿನದ ಸೀರೆ, ರಾಕ್ಷಸ ಹಸಿರು. ಹತ್ತು ವರ್ಷದ ಮೇಲೆ, ಎಲ್ಲ ದೇಶದ ಬಣ್ಣವನ್ನೂ ತೋರಿಸುವ ಹೊಸ ಟೀವಿ ಬಂತು. ನಾನೂ ಇದ್ದೆ. ಪರದೆ ಬೆಳಗಿದಾಗ ಯೋಧ ಅಚ್ಚ ನೀಲಿ ಬಟ್ಟೆಯಲ್ಲಿದ್ದ. ವೀರಭದ್ರಪ್ಪನವರು ಎರಡು ನಿಮಿಷ ನೋಡಿದರು. ರಿಮೋಟು ತೆಗೆದುಕೊಂಡು ಬಣ್ಣವನ್ನು ಪೂರ್ತಿ ಇಳಿಸಿ ಮತ್ತೆ ಕಪ್ಪು ಬಿಳುಪು ಮಾಡಿದರು.

"ಹತ್ತು ವರ್ಷ ಕಾವಿ ಉಟ್ಟೋನು ಇವತ್ತು ನೀಲಿ ಅಂದ್ರೆ ಯಾರು ಒಪ್ತಾರೆ?" ಎಂದರು. ಗಿರಿಜಮ್ಮ ಒಳಗಿನಿಂದಲೇ, "ಕಪ್ಪು ಬಿಳುಪು ನೋಡೋಕೆ ಕಲರ್ ಟೀವಿ ತಂದ ಮಹಾನುಭಾವರು" ಎಂದರು.

ಈ ಹೊತ್ತಿಗೆ ಅವರು ಸ್ವಯಂ ನಿವೃತ್ತಿ ತೆಗೆದುಕೊಂಡು ಶಿವಮೊಗ್ಗದ ಸವಳಂಗ ರಸ್ತೆಯ ಬದಿಯ ಒಂದು ಬಡಾವಣೆಗೆ ಬಂದಿದ್ದರು. ನಾನೂ ಕಾರ್ಖಾನೆ ಬಿಟ್ಟು ಊರಲ್ಲೇ ಮನೆಗಳ ಪ್ಲಾನು ತೆಗೆಯುತ್ತಿದ್ದೆ. ಭಾನುವಾರ ನನ್ನನ್ನು ಕರೆಸಿಕೊಂಡು ಆಟದ ಗುಹೆಗಳ ನಕ್ಷೆ ತೆಗೆಸುತ್ತಿದ್ದರು. ಅವರು ಯೋಧನನ್ನು ನಡೆಸಬೇಕು, ನಾನು ಟ್ರೇಸಿಂಗ್ ಕಾಗದದ ಮೇಲೆ ಗೆರೆ ಎಳೆಯಬೇಕು. "ಸ್ಕೇಲ್ ಎಷ್ಟು ಸಾರ್?" ಎಂದು ಗೇಲಿಗೆ ಕೇಳಿದರೆ, "ಒಂದು ಹೆಜ್ಜೆಗೆ ಐದು ಮಿಲಿಮೀಟರ್" ಎಂದು ಗಂಭೀರವಾಗಿ ಹೇಳಿದರು. ಮೊರಿಟಾ ನಿಂತ ಬಾಗಿಲಿಗೆ ಕೆಂಪು ಶಾಯಿಯಲ್ಲಿ ಒಂದು ಚುಕ್ಕೆ ಇಡಿಸಿದರು.

ಆಮೇಲೆ ಬ್ಯಾಟರಿಗೆ ವಯಸ್ಸಾಯಿತು. ಮೂರು ವೋಲ್ಟ್ ಇರಬೇಕಾದದ್ದು ಎರಡೂವರೆಗೆ ಇಳಿದಿತ್ತು. ಮುಂದಿನ ತಿಂಗಳು ಇನ್ನೂ ಕೆಳಗೆ. ಹಳೆಯದನ್ನು ಕಿತ್ತ ಕ್ಷಣ ನೆನಪೆಲ್ಲ ಹೋಗುತ್ತದೆ. ಆದ್ದರಿಂದ ಹೊಸದನ್ನು ಮೊದಲು ಪಕ್ಕದಲ್ಲಿ ಬೆಸೆದು, ಆಮೇಲೆ ಹಳೆಯದನ್ನು ತೆಗೆಯುವ ಉಪಾಯ ಮಾಡಿದರು. ಸಾಲ್ಡರಿಂಗ್ ಐರನ್ ಕಾದ ಮೇಲೆ ನಾನು ಪ್ಲಗ್ ಕೀಳಬೇಕು, ಕರೆಂಟಿನ ಸೋಂಕಿಲ್ಲದೆ ಅವರು ಬೆಸೆಯಬೇಕು. ನಾಲ್ಕು ಹಳೇ ಸರ್ಕ್ಯೂಟುಗಳ ಮೇಲೆ ಇಬ್ಬರೂ ಅಭ್ಯಾಸ ಮಾಡಿದೆವು. ಬೆಸೆಯಲು ತಗಡಿನ ಕಾಲುಗಳಿರುವ ಬ್ಯಾಟರಿ ಮಾತ್ರ ಊರಲ್ಲಿ ಸಿಗಲಿಲ್ಲ. ಕೊನೆಗೆ ಅದು ನನ್ನ ಕೈಗೆ ಬಂದದ್ದು ಆಯುಧಪೂಜೆಯ ಬೆಳಿಗ್ಗೆ.

ಮಧ್ಯಾಹ್ನ ಅವರ ಮನೆಗೆ ಹೋದೆ. ಗಿರಿಜಮ್ಮ ಆಗಲೇ ಪೂಜೆ ಮುಗಿಸಿದ್ದರು. ಮಣೆಯ ಮೇಲೆ ಮಲ್ಟಿಮೀಟರು, ಸ್ಕ್ರೂಡ್ರೈವರುಗಳು, ಸಾಲ್ಡರಿಂಗ್ ಐರನ್ ಎಲ್ಲ ವಿಭೂತಿ ಬಳಿಸಿಕೊಂಡು ಚೆಂಡು ಹೂವಿನ ಕೆಳಗೆ ಕುಳಿತಿದ್ದವು.

"ತಡ ಮಾಡೋದು ಬೇಡ ಸಾರ್. ತಗೊಳ್ಳಿ, ಅರ್ಧ ಗಂಟೆ ಕೆಲಸ" ಎಂದೆ.

"ನಾಳೆ ಮರುಪೂಜೆ ಆಗೋವರೆಗೂ ಏಳಿಸೋ ಹಾಗಿಲ್ಲ ತಮ್ಮಾ" ಎಂದರು ಗಿರಿಜಮ್ಮ. ಹಾಗೆಂದು ಗಂಡನ ಮುಖ ನೋಡಿದರು. ಅವರು ಬೇಕೆಂದಿದ್ದರೆ ಆಕೆ ಹೂ ಸರಿಸಿ ಕೊಡುತ್ತಿದ್ದರು, ಅದು ನನಗೆ ಖಂಡಿತ ಗೊತ್ತು.

ವೀರಭದ್ರಪ್ಪನವರು ಮಣೆಯನ್ನು ನೋಡಿದರು. "ಮೂವತ್ತು ವರ್ಷ ಸರ್ವೀಸಲ್ಲಿ ಈ ದಿನ ಒಂದು ಸ್ಪ್ಯಾನರ್ ಮುಟ್ಟಿದೋನಲ್ಲ ನಾನು. ವರ್ಷಕ್ಕೊಂದಿನ ಅವಕ್ಕೂ ರಜೆ ಬೇಕಲ್ವಾ? ಇಷ್ಟು ವರ್ಷ ಕಾದಿರೋ ಬ್ಯಾಟ್ರಿ ಒಂದಿನ ಕಾಯಲ್ವಾ ಮಾರಾಯ" ಎಂದರು.

ಕಾಯಲಿಲ್ಲ. ಮಾರನೆಯ ದಿನ ಮರುಪೂಜೆಯಾಗಿ, ಬನ್ನಿ ಕೊಟ್ಟು, ಕೆಲಸಕ್ಕೆ ಮೊದಲು ಒಮ್ಮೆ ನೋಡೋಣವೆಂದು ಯಂತ್ರ ಹಾಕಿದರೆ ಮೂರು ಸಾಲೂ ಖಾಲಿ. ವೀರಭದ್ರಪ್ಪನವರು ಆರಿಸಿ ಇನ್ನೊಮ್ಮೆ ಹಾಕಿದರು. ಖಾಲಿ. "ಹೋದ" ಎಂದರು. ಗಿರಿಜಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು. ನನಗೆ ಆಕೆಯ ಮೇಲೆ ಸಿಟ್ಟು ಬಂದಿತ್ತು, ಅದು ಮುಖದಲ್ಲಿ ಕಂಡಿರಲೂಬೇಕು. ವೀರಭದ್ರಪ್ಪನವರು ಮಾತ್ರ ನಮ್ಮಿಬ್ಬರ ಕಡೆಯೂ ನೋಡದೆ, "ಕಾಫಿ ಇಡು ಗಿರಿಜಾ. ಪ್ಲಗ್ ಹಾಕು ಮಾರಾಯ, ಐರನ್ ಕಾಯ್ಲಿ" ಎಂದರು. ಹೊಸ ಬ್ಯಾಟರಿ ಬೆಸೆದು, ಮೊದಲನೇ ಸಾಲಿಗೆ ಹೋಗಿ, ನೆನಪಿನಿಂದಲೇ ಮೂರಕ್ಷರ ಹೆಕ್ಕಿ ಮೊರಿಟಾ ಹೆಸರು ಹಾಕಿದರು. ಆಟವನ್ನು ಮೊದಲಿನಿಂದ ಶುರುಮಾಡಿದರು.

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಮೊರಿಟಾ ಎಲ್ಲಿ ನಿಂತಿದ್ದರೋ ಅಲ್ಲಿಗೇ, ಹೇಗೆ ನಿಂತಿದ್ದರೋ ಹಾಗೇ ತಂದು ನಿಲ್ಲಿಸುವುದು ಅವರ ಹಟ. ನಾಲ್ಕು ತಿಂಗಳು ಆಡಿದರು. ಬಾಗಿಲು ಇನ್ನೇನು ಹತ್ತಿರ ಎನ್ನುವಾಗ ದಾರಿಗೆ ಅಡ್ಡ ಬಂದ ಭೂತವೊಂದನ್ನು ಕೊಂದದ್ದರಿಂದ ಯೋಧ ಹದಿನೇಳನೇ ಹಂತಕ್ಕೆ ಏರಿಬಿಟ್ಟ. ಆ ಆಟದಲ್ಲಿ ಏರಿದವನು ಇಳಿಯುವಂತಿಲ್ಲ.

"ಮೊರಿಟಾ ಹದಿನಾರು" ಎಂದು ಅದನ್ನು ಅಳಿಸಿಬಿಟ್ಟರು.

"ಅವರು ಬಂದರೂ ಹದಿನೇಳು ಅಂತ ಜಗಳ ಆಡ್ತಾರಾ ಸಾರ್? ಯಾರಿಗೆ ಗೊತ್ತಾಗುತ್ತೆ?"

"ಗೊತ್ತಾಗೋದಲ್ಲ ಮಾರಾಯ. ಇಟ್ಕೊಂಡಿರು ಅಂತ ಕೊಟ್ಟು ಹೋಗಿದ್ದು. ಕೊಟ್ಟಿದ್ದು ಹೆಂಗಿತ್ತೋ ಹಂಗೇ ಇರ್ಬೇಕು. ಕಮ್ಮಿನೂ ಬೇಡ, ಜಾಸ್ತಿನೂ ಬೇಡ."

ಎರಡನೇ ಸಲ ಭೂತ ಕಂಡಲ್ಲೆಲ್ಲ ಓಡಿಹೋಗಿ ಹಂತ ಏರದಂತೆ ನೋಡಿಕೊಂಡರು. ಮೊದಲೆಲ್ಲ ಆಟದ ಕಡೆ ತಲೆ ಹಾಕದಿದ್ದ ಗಿರಿಜಮ್ಮ ಈಗ ಹಿಂದೆ ಬಂದು ನಿಲ್ಲುತ್ತಿದ್ದರು. "ಬಲಕ್ಕೆ ಹೋಗ್ಬೇಡಿ, ಅಲ್ಲಿ ಅವನಿದಾನೆ" ಎನ್ನುತ್ತಿದ್ದರು. ಮಳೆಗಾಲದ ಒಂದು ಭಾನುವಾರ ಕೆಂಪು ಚುಕ್ಕೆಯ ಬಾಗಿಲು ಬಂತು. ಹದಿನಾರು, ಗುರಾಣಿ, ಎರಡು ಮೂಲಿಕೆ, ಬೀಗದ ಕೈ. ನಾನು ನಕ್ಷೆ ಹಿಡಿದು ತಾಳೆ ನೋಡಿ ಸರಿಯಿದೆ ಎಂದೆ. ಅವರು ಉಳಿಸಿ, ಎರಡು ಕೈಯಿಂದ ಆರಿಸಿದರು. ಎರಡನೇ ಸಾಲಿನಲ್ಲಿ ಅವರದೂ ಒಂದು ಆಟ ಹೋಗಿತ್ತಲ್ಲ ಎಂದು ಕೇಳಿದೆ. "ನಂದು ಬಿಡು" ಎಂದರು.

ಮೂರು ವರ್ಷದ ನಂತರ, ಯುಗಾದಿ ಕಳೆದು ಹದಿನೈದು ದಿನಕ್ಕೆ, ಹೃದಯಾಘಾತವಾಗಿ ಅವರು ಹೋದರು. ನಾನು ಊರಲ್ಲಿರಲಿಲ್ಲ, ಮುಖ ನೋಡಲು ಸಿಗಲಿಲ್ಲ. ಅದು ನನ್ನ ಮನಸ್ಸಿನಲ್ಲಿ ಉಳಿದುಕೊಂಡಿದೆ. ಆಮೇಲೆ ಆ ಮನೆಗೆ ಹೋಗುವುದನ್ನೂ ಬಿಟ್ಟೆ.

ಆ ವರ್ಷದ ಆಯುಧಪೂಜೆಯ ಹಿಂದಿನ ದಿನ ಗಿರಿಜಮ್ಮ ಫೋನ್ ಮಾಡಿದರು. "ತಮ್ಮಾ, ಸಾಮಾನೆಲ್ಲ ಪೂಜೆಗೆ ಇಡಬೇಕು. ಇಡೋಕೆ ಮುಂಚೆ ಒಂದ್ಸಲ ಬಂದು ಬ್ಯಾಟ್ರಿ ನೋಡ್ತೀಯಾ? ನಂಗೆ ಆ ಮೀಟರು ಓದೋಕೆ ಬರಲ್ಲ."

ಹೋದೆ. ಕ್ಯಾಸೆಟ್ ಬಿಚ್ಚಿ ಮೀಟರಿನ ಕಡ್ಡಿ ಇಟ್ಟರೆ ಮೂರಕ್ಕೆ ಒಂದು ಕೂದಲೂ ಕಡಿಮೆಯಿಲ್ಲ. ಇನ್ನೂ ಎಷ್ಟೋ ವರ್ಷ ಚಿಂತೆಯಿಲ್ಲ ಎಂದೆ. "ಹಾಕಿ ನೋಡು" ಎಂದರು. ಮುಚ್ಚಿ, ಯಂತ್ರಕ್ಕೆ ಸಿಕ್ಕಿಸಿ ಹಾಕಿದೆ. ಮೊದಲನೇ ಸಾಲಿನಲ್ಲಿ ಮೊರಿಟಾ, ಹದಿನಾರು. ಎರಡನೇ ಸಾಲೂ ಖಾಲಿಯಿರಲಿಲ್ಲ. ಅಲ್ಲಿ ನಾನು ಕಂಡರಿಯದ ಬೇರೊಂದು ಹೆಸರು, ಮುಂದೆ ಒಂಬತ್ತು ಎಂಬ ಅಂಕಿ.

"ಇದು ಯಾರದಮ್ಮ?"

"ನಂದು" ಎಂದರು ಗಿರಿಜಮ್ಮ. "ಅವರೇ ಹೆಸರು ಹಾಕ್ಕೊಟ್ರು, ಅವರ ಜಾಗದಲ್ಲಿ. ಇನ್ನೂ ಗುಹೆವರೆಗೂ ಹೋಗಿಲ್ಲ ನಾನು."

ಆರಿಸಲೆಂದು ಪವರ್ ಸ್ವಿಚ್ಚಿಗೆ ಕೈ ಹಾಕಿದೆ.

"ತಡಿ ತಡಿ" ಎಂದು ಆಕೆ ನನ್ನ ಕೈ ಸರಿಸಿದರು. ಚಾಪೆಯ ಮೇಲೆ ಕುಳಿತು, ಬಲಗೈ ಹೆಬ್ಬೆರಳಿನಿಂದ ರೀಸೆಟ್ ಒತ್ತಿ ಹಿಡಿದು, ಒಂದು ಗಳಿಗೆ ಸುಮ್ಮನಿದ್ದು, ಎಡಗೈಯಿಂದ ಸ್ವಿಚ್ ಎಳೆದರು. ಪರದೆ ಖಾಲಿಯಾದ ಮೇಲೂ ಬೆರಳು ಅಲ್ಲೇ ಇತ್ತು. ಆಮೇಲೆ ಎದ್ದು ಸಾಲ್ಡರಿಂಗ್ ಐರನ್ ಒರೆಸಿ ಮಣೆಯ ಮೇಲಿಟ್ಟರು.