ಮಾವಶಿಯ ಕುದುರೆ ಮತ್ತು ನೀಲಿ ತಾಡಪತ್ರಿ

ಅಕ್ಕೋಳದ ನಮ್ಮ ಹೊಲದ ಬೇವಿನ ಗಿಡದ ಕೆಳಗೆ ಅಂದು ನಾಲ್ಕು ಜನ ಇದ್ದೆವು. ಚಹಾದ ಕಿಟ್ಲಿ ಹಿಡಿದು ಬಂದಿದ್ದ ನನ್ನವ್ವ, ಬೇಸಿಗೆ ರಜೆಯೆಂದು ಮನೆಯಲ್ಲೇ ಇದ್ದ ಸಾಲಿ ಮಾಸ್ತರನಾದ ನಾನು, ನಮ್ಮ ಹೊಲದಲ್ಲಿ ಗೊಬ್ಬರಕ್ಕೆಂದು ಕುರಿ ನಿಲ್ಲಿಸಿದ್ದ ಗಂಡ ಹೆಂಡತಿ. ಅವರದೊಂದು ಕೆಂಪು ಹೆಣ್ಣು ಕುದುರೆ. ಅದು ಮಾತ್ರ ಗೂಟ ಕಿತ್ತುಕೊಂಡು ಹೋಗಿ ದೂರದ ಬದುವಿನ ಮೇಲೆ ನಿಂತು, ನಮ್ಮ ನಡುವೆ ಬಿದ್ದಿದ್ದ ನೀಲಿ ಪ್ಲಾಸ್ಟಿಕ್ ತಾಡಪತ್ರಿಯನ್ನೇ ದಿಟ್ಟಿಸುತ್ತಿತ್ತು. ಸುತ್ತ ಪಾತ್ರೆ ಪಡಗ ಚೆಲ್ಲಿದ್ದವು.

ಮೊಬೈಲ್ ಆಗಷ್ಟೇ ಕುರಿಗಾರರ ಅಂಗಿಯ ಜೇಬಿಗೆ ಬಂದಿದ್ದ ವರ್ಷಗಳವು. ಊರೂರು ಅಲೆಯುವ ಅವರ ಮನೆಯೆಲ್ಲ ಕುದುರೆಯ ಬೆನ್ನ ಮೇಲೆ. ಗುಡಾರ, ಹಿಟ್ಟಿನ ಚೀಲ, ಕೋಳಿ, ನಡೆಯಲಾರದ ಎಳೆ ಮರಿ ಎಲ್ಲವೂ. ಮೊದಲು ಕಂಬಳಿಯ ಗುಡಾರವಿತ್ತು. ತೊಯ್ದರೆ ಭಾರವೆಂದು ಆ ವರ್ಷ ತಾಡಪತ್ರಿ ತಂದಿದ್ದರು. ಹಳೆಯ ಕುದುರೆ ಚಳಿಗಾಲದಲ್ಲಿ ಸತ್ತಿತ್ತು. ಈ ಹೊಸದು ಕೋಳಿ ಕೂಗಿದರೂ, ಕೊಡ ಬಡಿದರೂ ಸುಮ್ಮನಿರುತ್ತಿತ್ತು. ಪ್ಲಾಸ್ಟಿಕ್ ಚರಚರ ಅಂದಿತೋ, ಹೇರಿದ್ದನ್ನೆಲ್ಲ ಒಗೆದು ಓಟ.

ಗಂಡ ಚಹಾ ಹೀರುತ್ತ ಹೆಂಡತಿಗೆ ಹೇಳಿದ. "ಇನ್ನ ಹನ್ನೆರಡ ದಿನ. ಮಳಿ ಹತ್ತೂದ್ರೊಳಗ ಹೊಳಿ ದಾಟಿ ಅಥಣಿ ಕಡೆ ಹೋಗಬೇಕು. ಇದು ಹಿಂಗ ಮಾಡಿದ್ರ ಮಾರಿಬಿಡ್ತೇನಿ. ನಾ ಅಣ್ಣನ ಗುಡಾರದಾಗ ಉಣ್ತೇನಿ. ನೀ ರಾಯಬಾಗಕ್ಕ ಮಗಳ ಮನಿಗಿ ಹೋಗಿ ಕೂಡು."

ಅವನ ಹೆಂಡತಿಯನ್ನು ನಾವೆಲ್ಲ ಮಾವಶಿ, ಅಂದರೆ ಚಿಕ್ಕಮ್ಮ, ಅನ್ನುತ್ತಿದ್ದೆವು. ಐವತ್ತು ದಾಟಿದ ಹೆಂಗಸು. "ಮಗಳ ಮನ್ಯಾಗ ಫ್ಯಾನಿನ ಕೆಳಗ ಕುಂತ ನಾ ಏನ ಮಾಡ್ಲಿ? ಎಣಸಾಕ ಅಲ್ಲಿ ಕುರಿ ಅದಾವೇನು?" ಅಂದಳು. ಆಮೇಲೆ ಚೆಲ್ಲಿದ ಪಾತ್ರೆ ಆರಿಸತೊಡಗಿದಳು. ಹುಟ್ಟಿದಾಗಿನಿಂದ ಹಿಂಡಿನ ಹಿಂದೆ ನಡೆದ ಜೀವ ಅದು. ಅವಳಿಗೆ ಮನೆಯಲ್ಲಿ ಕೂಡುವುದೆಂದರೆ ಏನೆಂದು ನನ್ನವ್ವನಿಗೆ ತಿಳಿಯಿತು; ನನಗೆ ತಿಳಿಯಲು ಇನ್ನೂ ಕೆಲವು ದಿನ ಬೇಕಾಯಿತು.

ಮರುದಿನ ಮುಂಜಾನೆ ಮಾವಶಿ ತಾಡಪತ್ರಿಯನ್ನು ಮಡಚಿ ಮಡಚಿ ರೊಟ್ಟಿಯಷ್ಟು ಮಾಡಿ, ನೆಲದ ಮೇಲಿಟ್ಟು ಕಲ್ಲು ಹೇರಿದಳು. ಹತ್ತು ಹೆಜ್ಜೆ ದೂರದಲ್ಲಿ ನೆನೆಸಿದ ಹುರಳಿಯ ಬುಟ್ಟಿ ಇಟ್ಟಳು. ಹಗ್ಗ ಸಡಿಲ ಬಿಟ್ಟು, ಕುದುರೆಯ ಕಡೆ ನೋಡದೆ, ನನ್ನವ್ವನ ಜೊತೆ ಉಪ್ಪಿನಕಾಯಿಯ ಮಾತು ತೆಗೆದಳು. ಕುದುರೆ ನಿಂತಿತು, ಮೂಗರಳಿಸಿತು, ಬಹಳ ಹೊತ್ತಿನ ಮೇಲೆ ಕುತ್ತಿಗೆ ಇಳಿಸಿ ಉಸಿರು ಬಿಟ್ಟಿತು. ಆ ಉಸಿರಿಗೇ ಕಾದಿದ್ದವಳಂತೆ ಎದ್ದು, ಅದರ ಕುತ್ತಿಗೆ ಕೆರೆದು ದೂರ ಕರೆದೊಯ್ದಳು. ಅಂದಿನ ಕೆಲಸ ಅಷ್ಟೇ. ಮರುದಿನ ಒಂದು ಮಡಿಕೆ ಬಿಚ್ಚಿದಳು. ಅದರ ಮರುದಿನ ಇನ್ನೊಂದು.

"ಕಟ್ಟಿ ಹಾಕಿ ಒಮ್ಮೆ ಮೈಮೇಲೆ ಹೊಚ್ಚಿಬಿಟ್ರ ಆಗೂದಿಲ್ಲೇನು ಮಾವಶಿ?" ಎಂದು ಕೇಳಿದೆ.

"ಹಂಗ ಮಾಡಿದ್ರ ಅಂಜಿಕಿ ಹೋಗಂಗಿಲ್ರಿ ಮಾಸ್ತರ, ಒಳಗ ಹೋಗಿ ಕುಂಡರ್ತೈತಿ. ಹೊಳಿ ನಡುವ ಹೊರಗ ಬರತೈತಿ."

ಐದನೆಯ ದಿನ ಗಾಳಿಗೆ ಅಂಚು ಎದ್ದು ಕುದುರೆ ಹೌಹಾರಿತು. ಪಾಪವೆನಿಸಿ ನಾನು ಓಡಿ ಹೋಗಿ ತಾಡಪತ್ರಿಯನ್ನು ಎಳೆದು ಬಚ್ಚಿಟ್ಟೆ. ಮಾವಶಿ ಬೈಯಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು, "ಮಾಸ್ತರ್ರು ಅಂದ್ರ ಮಾಸ್ತರ್ರ ನೋಡ್ರಿ. ನಾ ಐದ ದಿನಾ ಕಲಿಸಿದ್ದಕ್ಕಿಂತ ಜಲ್ದಿ ಕಲಿಸಿಬಿಟ್ರಿ" ಅಂದಳು.

"ಏನು ಕಲಿಸಿದೆ?"

"ತಾ ಜಿಗದ್ರ ಪ್ಲಾಸ್ಟಿಕ್ ಓಡಿ ಹೋಗತೈತಿ ಅಂತ."

ಅವ್ವ ನಕ್ಕು ನಕ್ಕು ಕಣ್ಣೊರೆಸಿಕೊಂಡಳು. ನಾನು ಇಪ್ಪತ್ತು ವರ್ಷ ಪಾಠ ಹೇಳಿದವನು, ಅಂಥ ಮಾತನ್ನು ಯಾವ ತರಬೇತಿಯಲ್ಲೂ ಕೇಳಿರಲಿಲ್ಲ. ಮಾವಶಿ ಎರಡು ಮಡಿಕೆ ಹಿಂದಕ್ಕೆ ಹೋಗಿ ಮತ್ತೆ ಶುರು ಮಾಡಿದಳು. ಕುದುರೆ ಬೆದರಿದಾಗ ತಾಡಪತ್ರಿ ಇದ್ದಲ್ಲೇ ಇರುತ್ತಿತ್ತು. ಅದು ಸುಮ್ಮನಾದಾಗ ಮಾತ್ರ ಇವಳು ಸರಿಸುತ್ತಿದ್ದಳು.

ಒಂಬತ್ತನೆಯ ದಿನ ಎಡಮಗ್ಗುಲಲ್ಲಿ ನಿಂತು ಬೆನ್ನ ಮೇಲೆ ಹೊಚ್ಚಿದಳು. ಕುದುರೆ ಬಾಲ ಬೀಸಿ ಹುರಳಿ ತಿನ್ನುತ್ತ ನಿಂತಿತು. ಗೆದ್ದೆವೆಂದುಕೊಂಡು ನಾನು ಚಪ್ಪಾಳೆ ತಟ್ಟದಂತೆ ಕೈ ಕಟ್ಟಿಕೊಂಡೆ. ಆಮೇಲೆ ಬಲಕ್ಕೆ ಹೋಗಿ ಅದೇ ಅಂಚು ಎಳೆದಳು ನೋಡಿ, ಕುದುರೆ ಬುಟ್ಟಿ ತುಳಿದು ಬದು ಹಾರಿತು.

ಗಂಡ ಅಲ್ಲೇ ಇದ್ದ. "ಆತಲ್ಲ, ಗಂಟ ಕಟ್ಟ ಇನ್ನ" ಅಂದ.

ಮಾವಶಿ ಬದುವಿನ ಕಡೆ ನೋಡುತ್ತ ತನ್ನನ್ನೇ ಬೈದುಕೊಂಡಳು. "ನಂದ ತಪ್ಪ. ಹೇರೂದು ಎಡಕ್ಕ ಅಂತ ಎಡಕ್ಕಷ್ಟ ತೋರಿಸಿದೆ. ಬಲಗಣ್ಣ ಇನ್ನೂ ಸಾಲಿಗೇ ಬಂದಿಲ್ಲ." ಆಗಲೇ ತಾಡಪತ್ರಿಯನ್ನು ಮತ್ತೆ ರೊಟ್ಟಿಯಷ್ಟು ಮಡಚಿದಳು. ಉಳಿದಿದ್ದು ಮೂರು ದಿನ. ಮುಂಜಾನೆ, ಸಂಜೆ ಎರಡೂ ಹೊತ್ತು, ಬಲಮಗ್ಗುಲಲ್ಲೇ. ದಿನ ಕಡಿಮೆಯೆಂದು ಒಂದು ಮಡಿಕೆಯನ್ನೂ ಹಾರಿಸಲಿಲ್ಲ, ದನಿ ಏರಿಸಲಿಲ್ಲ. ಅವಳ ಆ ಸಮಾಧಾನವನ್ನು ನೋಡುವುದೇ ನನಗೆ ಒಂದು ಕಲಿಕೆಯಾಗಿತ್ತು.

ಹೊರಡುವ ದಿನ ಎರಡೂ ಕಡೆಯಿಂದ ಹೇರಿಸಿಕೊಂಡು ಕುದುರೆ ನಿಂತಿತು. ಗಂಡ ಸುತ್ತು ಹಾಕಿ ನೋಡಿ, "ಹೊಲದಾಗ ಅಂಥಾ ಗಾಳಿ ಇಲ್ಲ, ಗಾಡಿ ಇಲ್ಲ. ಹೊಳಿ ಮ್ಯಾಲ ನೋಡೂಣು. ಅಲ್ಲಿ ಬೆದರಿದ್ರ ನೀ ಕುಡಚಿಯಿಂದನ ರಾಯಬಾಗದ ಬಸ್ ಹತ್ತು" ಅಂದ.

"ಟಿಕೀಟಿನ ಚಿಲ್ಲರ ನಿನ್ನ ಕಡೇನ ಇರ್ಲಿ" ಅಂದಳು ಮಾವಶಿ.

ಆರೇಳು ದಿನ ಕಳೆದು ಉಗಾರ ಖುರ್ದದ ಅಕ್ಕನ ಮನೆಗೆ ಬಸ್ಸಿನಲ್ಲಿ ಹೊರಟಿದ್ದೆ. ಕುಡಚಿ ದಾಟಿ ಕೃಷ್ಣೆಯ ಸೇತುವೆಗೆ ಬಂದಾಗ ಬಸ್ ನಿಂತಿತು. ಸೇತುವೆ ತುಂಬ ಕುರಿ. ಮುಂದೆ ಗಂಡ, ಹಿಂಡಿನ ಹಿಂದೆ ಕುದುರೆಯ ಹಗ್ಗ ಹಿಡಿದ ಮಾವಶಿ. ಎದುರಿನಿಂದ ಬಂದ ಲಾರಿ ಹಾರ್ನ್ ಹಾಕಿತು. ಹೊಳೆಯ ಗಾಳಿಗೆ ಬಲಗಡೆಯ ಅಂಚು ಬಿಚ್ಚಿಕೊಂಡು ಪಟಪಟ ಬಡಿಯತೊಡಗಿತು. ಕಿಟಕಿಯ ಸರಳು ಹಿಡಿದು ನಾನು ಹೊರಗೆ ಬಗ್ಗಿದೆ. ಗಂಡನೂ ತಿರುಗಿ ನಿಂತ. ಕುದುರೆ ಒಂದು ಕಿವಿ ಹಿಂದಕ್ಕೆ ತಿರುಗಿಸಿತು, ಕತ್ತು ಹೊರಳಿಸಿ ಅಂಚನ್ನು ನೋಡಿತು, ಮತ್ತೆ ಕಿವಿ ಮುಂದಕ್ಕೆ ತಂದಿತು. ಮಾವಶಿ ಬಲಮಗ್ಗುಲಿಗೆ ಹೋಗಿ ಅಂಚನ್ನು ಹಗ್ಗಕ್ಕೆ ಸಿಕ್ಕಿಸಿದಳು. ಗಂಡ ಕುರಿಗಳನ್ನು ಕೂಗಿ ಮುಂದೆ ನಡೆದ. ಕುದುರೆ, ಮಾವಶಿ, ಹಿಂಡು ಎಲ್ಲ ಸೇತುವೆ ಇಳಿದು ಅಥಣಿ ಕಡೆಗೆ ಉಗಾರದ ಹಾದಿ ಹಿಡಿದ ಮೇಲೆ ನಮ್ಮ ಬಸ್ ಹೊರಟಿತು.