ಸಾರಿ ಗಾರ್ಡ್

ನನ್ನ ಮಿಕ್ಸಿಯ ಜಾರು ಸೋರಲು ಶುರುವಾಗಿ ಮೂರು ತಿಂಗಳಾಗಿತ್ತು. ನಮ್ಮವರು ಅದನ್ನು ಒಂದು ದಿನವೂ ಮಗುಚಿ ನೋಡಿದವರಲ್ಲ. ಅದೇ ಮೂರು ತಿಂಗಳು ಅಂಗಳದ ಮೂಲೆಯಲ್ಲಿ ಕುಕ್ಕರಗಾಲಿನಲ್ಲಿ ಕೂತು, ಆ ಹಳೆಯ ಬೈಕಿನ ಕಾರ್ಬೊರೇಟರಿನ ಸಣ್ಣ ಸಣ್ಣ ತೂತುಗಳಿಗೆ ತಂತಿ ಹಾಕಿ ಊದುತ್ತಿದ್ದರು. ಒರೆಸಲಿಕ್ಕೆ ನನ್ನ ವಾಯಿಲ್ ಸೀರೆಯನ್ನು ಹರಿದಿದ್ದರು. ಹಳೆಯದೇನಲ್ಲ, ಎರಡು ಸಲ ಒಗೆದದ್ದು.

ನಮ್ಮವರು ಬಸ್ಸಿನ ಡ್ರೈವರ್ ಆಗಿದ್ದವರು. ಪುತ್ತೂರು–ಸುಳ್ಯ ರಸ್ತೆಯಲ್ಲಿ ಬಸ್ಸು ಬಿಟ್ಟೇ ತಲೆ ಬೆಳ್ಳಗಾಯಿತು. ಕೆಲಸ ಮುಗಿದ ಮೇಲೆ ಸುಮ್ಮನೆ ಕೂರಲಿಕ್ಕೆ ಆಗಲಿಲ್ಲ. ಕಡಬದ ಹತ್ತಿರ ಯಾರದೋ ರಬ್ಬರ್ ಶೀಟಿನ ಹೊಗೆಗೂಡಿನಲ್ಲಿ ಈ ಬೈಕು ಬಿದ್ದುಕೊಂಡಿದೆ ಎಂದು ಕೇಳಿ, ಪಿಕಪ್ಪಿನಲ್ಲಿ ಹಾಕಿಸಿಕೊಂಡು ತಂದರು. ಇಳಿಸುವಾಗ ಸೀಟಿನ ಒಳಗಿಂದ ಇಲಿಯ ಸಂಸಾರವೂ ಇಳಿಯಿತು.

“ಇದು ಯಾರ ಬೈಕು ಗೊತ್ತುಂಟಾ ನಿನಗೆ? ಕುಂಬ್ರದಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ಬ್ಯಾರಿ ಸಾಹೇಬ್ರದ್ದು, ತೀರಿಹೋದ್ರಲ್ಲ, ಅವರದ್ದು. ಗಂಡ ಹೆಂಡತಿ ಇದರಲ್ಲಿ ಹೋಗುದು ನೀನು ನೋಡ್ಬೇಕಿತ್ತು ಮಾರಾಯ್ತಿ! ನಾನು ಬಸ್ಸಿಗೆ ಬ್ರೇಕ್ ಹಾಕಿ ದಾರಿ ಬಿಡ್ತಿದ್ದೆ.”

ನಮ್ಮ ಮನೆಯ ಎದುರು ಸ್ಟಾಪ್ ಇಲ್ಲ ಎಂದು ನನ್ನನ್ನು ಅರ್ಧ ಮೈಲು ಮುಂದೆ ಇಳಿಸಿ ಹೋಗುತ್ತಿದ್ದ ಮನುಷ್ಯ ಇವರು. ಸಂತೆಯ ಚೀಲ ಹೊತ್ತು ನಾನು ಹಿಂದೆ ನಡೆದು ಬರಬೇಕಿತ್ತು. ಕಾಣದ ಆ ಹೆಂಗಸಿನ ಮೇಲೆ ನನಗೆ ಅವತ್ತೇ ಹೊಟ್ಟೆ ಉರಿಯಿತು.

ಬೈಕಿನ ಹಿಂದಿನ ಚಕ್ರದ ಎಡಗಡೆ ಒಂದು ಕಬ್ಬಿಣದ ಜಾಲರಿ ಇತ್ತು. ಹೆಂಗಸರು ಒಂದೇ ಬದಿಗೆ ಕಾಲು ಹಾಕಿ ಕೂತರೆ ಸೀರೆ ಚಕ್ರಕ್ಕೆ ಸಿಕ್ಕಬಾರದು ಎಂದು ಹಾಕುತ್ತಾರೆ. ಸಾರಿ ಗಾರ್ಡ್ ಎನ್ನುತ್ತಾರೆ ಅದಕ್ಕೆ. ನಮ್ಮವರು ಮೊದಲು ಬಿಚ್ಚಿ ಬಿಸಾಡಿದ್ದೇ ಅದನ್ನು. ಹಳೆಯ ಬೈಕಿನವರದ್ದೊಂದು ಗುಂಪು ಇದೆ, ದಿನವಿಡೀ ಫೋನಿನಲ್ಲಿ ಫೋಟೊ ಕಳಿಸಿಕೊಳ್ಳುತ್ತಾರೆ. ಕಂಪನಿಯಿಂದ ಬರುವಾಗ ಹೇಗಿತ್ತೋ ಹಾಗೆಯೇ ಇರಬೇಕಂತೆ. ಈ ಗಾರ್ಡು ಕಂಪನಿಯದ್ದಲ್ಲ, ಆಮೇಲೆ ಯಾರೋ ಮಾಡಿಸಿ ಹಾಕಿದ್ದು. ಬಿದ್ದಲ್ಲಿಂದ ಎತ್ತಿ ನಾನು ಬಾವಿಕಟ್ಟೆಗೆ ಒರಗಿಸಿ ಬಸಳೆ ಹಬ್ಬಿಸಿದೆ.

ಸುಳ್ಯದಲ್ಲಿ ಸೈಲೆನ್ಸರಿಗೆ ಹೊಳಪು ಹಾಕಿಸಿ ತಂದರು, ಬದಿಗೊಂದರಂತೆ ಎರಡು. ಬೈಕು ಸ್ಟಾರ್ಟ್ ಆಯಿತು. ನಾನು ಕೇಳಿಯೇ ಬಿಟ್ಟೆ.

“ನನ್ನನ್ನು ಒಂದು ಸಲ ಪುತ್ತೂರಿಗೆ ಕರ್ಕೊಂಡು ಹೋಗಿ.”

“ನಿನ್ನ ಸೀರೆ ಚಕ್ರಕ್ಕೆ ಸಿಕ್ಕಿದ್ರೆ? ಚೂಡಿದಾರ ಹಾಕ್ತೀಯಾದ್ರೆ ಬಾ.”

ಮೊಮ್ಮಕ್ಕಳನ್ನು ಕಂಡವಳಿಗೆ ಹೇಳುವ ಮಾತಾ ಇದು! ನಾನು ಬಸ್ಸಿಗೆ ಹೋದೆ.

ಒಂದು ಬೆಳಿಗ್ಗೆ ಅಂಗಳಕ್ಕೆ ರಿಕ್ಷಾ ಬಂತು. ನನ್ನದೇ ಪ್ರಾಯದ ಹೆಂಗಸು, ಬುರ್ಖಾ ಹಾಕಿದವರು, ಮೊಣಕಾಲು ಹಿಡಿದುಕೊಂಡು ಇಳಿದರು.

“ಅಕ್ಕ, ನಾನು ಕುಂಬ್ರದ ಬಟ್ಟೆ ಅಂಗಡಿಯವರ ಹೆಂಡತಿ. ನಿನ್ನೆ ನಿಮ್ಮ ಯಜಮಾನರು ನಮ್ಮ ಮನೆ ಎದುರಿಂದ ಹೋದ್ರು. ಶಬ್ದ ಕೇಳಿ ಗೊತ್ತಾಯ್ತು ನಂಗೆ, ಇದು ನಮ್ಮದೇ ಅಂತ. ಒಮ್ಮೆ ನೋಡಿ ಹೋಗುವ ಅಂತ ಮನೆ ಕೇಳಿಕೊಂಡು ಬಂದೆ.”

ಸೀಟಿನ ಮೇಲೆ ಕೈ ಇಟ್ಟರು. ಎಡಗಡೆಗೆ ಬಂದು ಬಗ್ಗಿ ನೋಡಿದರು.

“ಗಾರ್ಡ್ ಎಲ್ಲಿ ಅಕ್ಕ? ಮದುವೆಯಾದ ಹೊಸತರಲ್ಲಿ ಒಮ್ಮೆ ನನ್ನ ಸೆರಗು ಸಿಕ್ಕಿ ಬಿದ್ದಿದ್ದೆ. ಮಾರನೇ ದಿನವೇ ಆಚಾರಿಯ ಹತ್ರ ಕೂತು ಮಾಡಿಸಿ ತಂದ್ರು. ನಾನು ಕೇಳಿದ್ದೂ ಇಲ್ಲ, ಹೇಳಿದ್ದೂ ಇಲ್ಲ.”

ಕೇಳಿದ್ದೂ ಇಲ್ಲವಂತೆ! ನಾನು ಬಾಯಿಬಿಟ್ಟು ಕೇಳಿ ಚೂಡಿದಾರ ಹಾಕು ಅನ್ನಿಸಿಕೊಂಡವಳು. ನನ್ನ ಬಾಯಿಗೆ ಬಂದದ್ದು ಸುಳ್ಳು.

“ಗುಜರಿಗೆ ಹೋಯ್ತು.”

ಅವರ ಮುಖ ಬಾಡಿತು. ನನಗೆ ಸಮಾಧಾನವೇ ಆಯಿತು, ಇಲ್ಲ ಅನ್ನುವುದಿಲ್ಲ. ಅಷ್ಟರಲ್ಲಿ ಜಗಲಿಯಿಂದ ನಮ್ಮವರ ಸ್ವರ ಬಂತು.

“ಗುಜರಿಗೆ ಎಲ್ಲಿ ಹೋಯ್ತು? ಬಾವಿ ಹತ್ರ ಬಸಳೆಗೆ ಕೊಟ್ಟಿದ್ದೀಯಲ್ಲ!”

ಮೂರೂ ಜನ ಬಾವಿಯ ಹತ್ತಿರ ಹೋದೆವು. ಅವರು ಬಸಳೆಯ ಎಲೆ ಸರಿಸಿ ಸರಳು ಮುಟ್ಟಿ ನೋಡಿದರು.

“ನಿಮಗೆ ಬೇಡವಾದ್ರೆ ನಾನು ತಕೊಂಡು ಹೋಗ್ಲಾ ಅಕ್ಕ? ಮನೆಯಲ್ಲಿ ಇಟ್ಕೊಳ್ತೇನೆ.”

ಕೊಡಬೇಕಿತ್ತು. ನ್ಯಾಯಕ್ಕೆ ಅದು ಅವರದ್ದೇ. ಆದರೆ ನಾನು, “ಇಲ್ಲ, ನಂಗೆ ಬೇಕು” ಎಂದೆ. “ಎಂತಕ್ಕೆ, ಬಸಳೆಗಾ?” ಎಂದು ನಮ್ಮವರು ನಕ್ಕರು. ನಾನು ನಗಲಿಲ್ಲ.

“ಕೂತ್ಕೊಳ್ಳಿಕ್ಕೆ.”

ಆ ಹೆಂಗಸು ನನ್ನ ಮುಖ ನೋಡಿದರು. ಏನು ಅರ್ಥವಾಯಿತೋ, ಮತ್ತೆ ಕೇಳಲಿಲ್ಲ. ಚಹಾ ಕುಡಿದು, ಒಂದು ಕಟ್ಟು ಬಸಳೆ ತೆಗೆದುಕೊಂಡು ಹೋದರು.

ರಿಕ್ಷಾ ಗೇಟು ದಾಟಿದ್ದೇ ಉಳಿದ ಬಸಳೆಯನ್ನು ಬುಡದಿಂದ ಕೊಯ್ದೆ. ಗಾರ್ಡನ್ನು ತಂದು ಬೈಕಿನ ಸೀಟಿನ ಮೇಲೆ ಇಟ್ಟೆ.

“ಇದನ್ನು ಕೂರಿಸಿ.”

“ಬರುವ ಆದಿತ್ಯವಾರ ಪುತ್ತೂರಲ್ಲಿ ಎಲ್ಲ ಹಳೆ ಬೈಕಿನವರು ಸೇರ್ತಾರೆ ಮಾರಾಯ್ತಿ. ಇದು ಕಂಡ್ರೆ ಗುಂಪಿನವರು ನಗ್ತಾರೆ.”

“ನಗ್ಲಿ. ಬ್ಯಾರಿಗಳು ಹೆಂಡತಿ ಕೇಳದೆ ಮಾಡಿಸಿದ್ರು. ನಾನು ಕೇಳಿದ ಮೇಲಾದ್ರೂ ನೀವು ಹಾಕಿ.”

ಅವರಿಗೆ ತಾಗಿದ್ದು ಗುಂಪಿನವರ ನಗೆಗಿಂತ ಆ ಮಾತು. ಎರಡು ದಿನ ಗಾರ್ಡನ್ನು ಸೀಟಿನ ಮೇಲೆಯೇ ಬಿಟ್ಟರು. ಮೂರನೇ ದಿನ ಸ್ಪ್ಯಾನರ್ ಹಿಡಿದು ಕೂತರು. ನಾಲ್ಕು ಬೋಲ್ಟು, ಅರ್ಧ ಗಂಟೆಯ ಕೆಲಸ.

ಆದಿತ್ಯವಾರ ನಾನು ಇಸ್ತ್ರಿ ಹಾಕಿದ ಸೀರೆ ಉಟ್ಟು ಹಿಂದೆ ಕೂತೆ. ಸೊಂಟ ನೋಯಿತು, ಗಾಳಿಗೆ ಕಣ್ಣಲ್ಲಿ ನೀರು ಬಂತು. ಇಷ್ಟಕ್ಕಾ ನಾನು ಹೊಟ್ಟೆ ಉರಿಸಿಕೊಂಡದ್ದು ಎಂದೂ ಅನ್ನಿಸಿತು. ಆದರೂ ಕುಂಬ್ರ ಬಂದಾಗ ನಮ್ಮವರ ಬೆನ್ನಿಗೆ ತಿವಿದೆ.

“ಅವರ ಮನೆ ಎದುರು ನಿಲ್ಲಿಸಿ.”

“ಎಂತಕ್ಕೆ?”

“ನಿಲ್ಲಿಸಿ ನೀವು. ಹಾರ್ನ್ ಹಾಕಿ.”

ನೋಡಲಿ ಎಂದೇ ನಿಲ್ಲಿಸಿದ್ದು. ಆ ಹೆಂಗಸು ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದರು. ಬೈಕನ್ನು ನೋಡಿದರು, ಗಾರ್ಡನ್ನು ನೋಡಿದರು. ಅಳುತ್ತಾರೆ ಎಂದುಕೊಂಡೆ, ಅಳಲಿಲ್ಲ. ಹತ್ತಿರ ಬಂದು ನನ್ನ ಪಾದ ನೋಡಿದರು.

“ಕಾಲು ಸ್ವಲ್ಪ ಹಿಂದೆ ಇಡಿ ಅಕ್ಕ. ಅಲ್ಲಿ ಸೈಲೆನ್ಸರ್ ಸುಡ್ತದೆ.”

ಹಿಂದೆ ಇಟ್ಟೆ. ಅವರು ಹೇಳಿದ್ದು ಸರಿಯಿತ್ತು, ಅಷ್ಟು ಹೊತ್ತು ಹಿಮ್ಮಡಿ ಬಿಸಿಯಾಗುತ್ತಲೇ ಇತ್ತು. ಪುತ್ತೂರು ಮುಟ್ಟುವವರೆಗೂ ನನಗೆ ಸಿಟ್ಟು ಇಳಿಯಲಿಲ್ಲ.